ಒಗರು ತಡೆಯುವುದು ಏನನ್ನು?

1977ರಲ್ಲಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಿಂದ ನಾಲ್ಕು ಪುಟಗಳ ಒಂದು ಪ್ರಬಂಧ ಹೊರಬಂತು. ಜಿ. ರಾಮಚಂದ್ರ, ಟಿ.ಕೆ. ವಿರೂಪಾಕ್ಷ, ಎಂ. ಷಡಕ್ಷರಸ್ವಾಮಿ ಎಂಬ ಮೂವರು ವಿಜ್ಞಾನಿಗಳು 32 ರಾಗಿ ತಳಿಗಳನ್ನು ತೆಗೆದುಕೊಂಡು ಎರಡು ಸಂಗತಿಗಳನ್ನು ಅಳೆದಿದ್ದರು. ಆ ಕಾಳಿನಲ್ಲಿ ಟ್ಯಾನಿನ್ ಎಷ್ಟಿದೆ, ಆ ಕಾಳಿನ ಪ್ರೊಟೀನು ಎಷ್ಟರ ಮಟ್ಟಿಗೆ ಜೀರ್ಣವಾಗುತ್ತದೆ. ಟ್ಯಾನಿನ್ ಪ್ರಮಾಣ ಒಂದು ತಳಿಯಲ್ಲಿ 0.04% ಇದ್ದರೆ ಇನ್ನೊಂದರಲ್ಲಿ 3.47% ಇತ್ತು. ಎರಡೂ ರಾಗಿಯೇ. ಆದರೆ ನಡುವಿನ ಅಂತರ ಎಂಬತ್ತು ಪಟ್ಟಿಗೂ ಹೆಚ್ಚು. ಬಿಳಿ ಕಾಳಿನ ತಳಿಗಳಲ್ಲಿ ಟ್ಯಾನಿನ್ ಹೆಸರಿಗಷ್ಟೇ ಇತ್ತು, ಕಂದು ಕಾಳುಗಳಲ್ಲಿ ಧಾರಾಳವಾಗಿತ್ತು. ಟ್ಯಾನಿನ್ ಏರಿದಷ್ಟೂ ಪ್ರೊಟೀನು ಜೀರ್ಣವಾಗುವುದು ಇಳಿಯುತ್ತಿತ್ತು.

ಆ ಕಾಲಕ್ಕೆ ಇದು ಕೆಟ್ಟ ಸುದ್ದಿ. ಹಳೆ ಮೈಸೂರು ಸೀಮೆಯ ಬಡವರಿಗೆ ಎರಡು ಹೊತ್ತಿನ ಊಟವೆಂದರೆ ರಾಗಿ, ಅದರಲ್ಲಿರುವುದೇ ಶೇಕಡಾ ಏಳರಷ್ಟು ಪ್ರೊಟೀನು. ಅದರಲ್ಲೂ ಒಂದು ಪಾಲನ್ನು ಟ್ಯಾನಿನ್ ಹಿಡಿದಿಟ್ಟುಕೊಂಡರೆ ಬೆಳೆಯುವ ಮಗುವಿಗೆ, ಗದ್ದೆಯಲ್ಲಿ ದುಡಿಯುವ ಬಾಣಂತಿಗೆ ಏನು ಉಳಿದೀತು? ಪೋಷಣಾ ವಿಜ್ಞಾನದ ಪುಸ್ತಕಗಳು ಟ್ಯಾನಿನ್ನನ್ನು ಪೋಷಕವಿರೋಧಿ ವಸ್ತುಗಳ ಪಟ್ಟಿಗೆ ಸೇರಿಸಿದ್ದವು. ಅದನ್ನು ತಗ್ಗಿಸುವುದು ಹೇಗೆ ಎಂಬುದೇ ಆಗಿನ ಪ್ರಶ್ನೆಯಾಗಿತ್ತು.

ಸುಮಾರು ಅರ್ಧ ಶತಮಾನ ಕಳೆದಿದೆ. ಅದೇ ಹೆಬ್ಬಾಳದ ಸುತ್ತ ಈಗ ಮೇಲ್ಸೇತುವೆ, ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು, ಯಲಹಂಕದವರೆಗೂ ಸಾಲುಗಟ್ಟಿದ ಅಪಾರ್ಟ್‌ಮೆಂಟುಗಳು. ಆರ್.ಟಿ. ನಗರದ ಸ್ತ್ರೀರೋಗ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುವ ಇಪ್ಪತ್ತರ ಹರೆಯದ ಹುಡುಗಿಯರಲ್ಲಿ ಎಷ್ಟೋ ಮಂದಿಯ ಫೈಲಿನ ಮೇಲೆ ಒಂದೇ ಹೆಸರು: ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಅಂಡಾಶಯದ ತೊಂದರೆ. ಮನೆಮಾತಿನಲ್ಲಿ ಪಿಸಿಓಡಿ. ಮೂರು ತಿಂಗಳಾದರೂ ಮುಟ್ಟಾಗಿಲ್ಲ, ಗಲ್ಲದ ಮೇಲೆ ಕೂದಲು, ಎಷ್ಟು ಕಟ್ಟುನಿಟ್ಟಾಗಿ ಉಂಡರೂ ಇಳಿಯದ ತೂಕ. ಇವರ ಮೊಬೈಲಿಗೆ ದಿನಕ್ಕೊಂದು ಸಲಹೆ ಬರುತ್ತದೆ. ಗ್ರೀನ್ ಟೀ ಕುಡಿಯಿರಿ, ಚಕ್ಕೆ ನೀರು ಕುಡಿಯಿರಿ, ನೇರಳೆ ಬೀಜದ ಪುಡಿ ತಿನ್ನಿ, ದಾಳಿಂಬೆ ಸಿಪ್ಪೆಯ ಕಷಾಯ ಮಾಡಿ, ರಾಗಿ ಮಾಲ್ಟ್ ಕುಡಿಯಿರಿ. ಈ ಪಟ್ಟಿಯಲ್ಲಿರುವುದೆಲ್ಲ ಒಗರು ಪದಾರ್ಥಗಳೇ. 1977ರಲ್ಲಿ ರಾಗಿಯ ದೋಷವೆಂದು ಎಣಿಸಿದ ಗುಣವೇ ಈಗ ತೂಕ ಇಳಿಸುವ ಔಷಧವೆಂದು ಮಾರಾಟವಾಗುತ್ತಿದೆ. ಟ್ಯಾನಿನ್ ಬದಲಾಗಿಲ್ಲ, ಉಣ್ಣುವವರ ಪರಿಸ್ಥಿತಿ ಬದಲಾಗಿದೆ. ಈ ಅಧ್ಯಾಯದಲ್ಲಿ ನಾನು ವಿಚಾರಿಸಬೇಕೆಂದಿರುವುದು ಇದನ್ನೇ: ಒಗರು ತಡೆಯುವುದು ಏನನ್ನು, ಯಾರಿಗೆ ಆ ತಡೆ ಬೇಕು, ಯಾರಿಗೆ ಬೇಡ.

ಕಂದು ರಾಗಿಯ ಒಂದು ಕಾಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸಾಸಿವೆಗಿಂತ ಚಿಕ್ಕದು. ಮೇಲಿನ ತೆಳು ಹೊಟ್ಟು ಕೈಯಲ್ಲಿ ಉಜ್ಜಿದರೆ ಉದುರುತ್ತದೆ. ಅದರ ಕೆಳಗಿನ ಇಟ್ಟಿಗೆ ಬಣ್ಣದ ಸಿಪ್ಪೆ ಮಾತ್ರ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಐದು ಪದರಗಳ ಆ ಸಿಪ್ಪೆ ಒಳಗಿನ ಬಿಳಿ ಹಿಟ್ಟಿಗೆ ಬಿಗಿಯಾಗಿ ಅಂಟಿಕೊಂಡಿದೆ. ಟ್ಯಾನಿನ್ನಿನ ಬಹುಪಾಲು ಇರುವುದು ಅಲ್ಲೇ. ಭತ್ತವನ್ನು ಗಿರಣಿಗೆ ಕೊಟ್ಟು ಪಾಲಿಶ್ ಮಾಡಿಸುವಂತೆ ರಾಗಿಯನ್ನು ಮಾಡಿಸಲಾಗದೆ ಇದ್ದುದಕ್ಕೆ ಕಾಳಿನ ಈ ರಚನೆಯೇ ಕಾರಣ. ಸಿಪ್ಪೆ ಸಮೇತ ಬೀಸಿದ್ದರಿಂದ ನಾರು, ಸುಣ್ಣದಂಶ, ಟ್ಯಾನಿನ್ ಎಲ್ಲವೂ ಹಿಟ್ಟಿನಲ್ಲೇ ಉಳಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ.

ಟ್ಯಾನಿನ್ ಎಂದರೆ ಒಂದೇ ವಸ್ತುವಲ್ಲ. ಗಿಡ ತನ್ನ ತೊಗಟೆ, ಸಿಪ್ಪೆ, ಎಳೆಗಾಯಿಗಳಲ್ಲಿ ಕೂಡಿಟ್ಟುಕೊಳ್ಳುವ ದೊಡ್ಡ ಗಾತ್ರದ ಪಾಲಿಫೀನಾಲ್‌ಗಳ ಬಳಗ ಅದು. ನೆಲ್ಲಿ, ಅಳಲೆಕಾಯಿ, ದಾಳಿಂಬೆ ಸಿಪ್ಪೆಯಲ್ಲಿರುವುದು ಒಂದು ಬಗೆ, ನೀರಿನೊಡನೆ ಒಡೆದು ಗ್ಯಾಲಿಕ್, ಎಲಾಜಿಕ್ ಆಮ್ಲಗಳಾಗುವಂಥದ್ದು. ರಾಗಿ, ಅಡಿಕೆ, ಚಕ್ಕೆ, ಹುಣಸೆ ಬೀಜದ ಸಿಪ್ಪೆಯಲ್ಲಿರುವುದು ಇನ್ನೊಂದು ಬಗೆ. ಕ್ಯಾಟೆಚಿನ್ ಎಂಬ ಚಿಕ್ಕ ಅಣುಗಳು ಸರಪಣಿಯಾಗಿ ಕೊಂಡಿ ಹಾಕಿಕೊಂಡು ಆದದ್ದು ಇದು, ಸುಲಭಕ್ಕೆ ಒಡೆಯುವುದಿಲ್ಲ. ಎರಡೂ ಬಗೆಗಳಿಗೆ ಸಮಾನವಾದ ಒಂದು ಚಾಳಿಯಿದೆ. ಪ್ರೊಟೀನು ಸಿಕ್ಕಿದರೆ, ಹಲಸಿನ ಮೇಣ ಕೈಗೆ ಹತ್ತಿದ ಹಾಗೆ, ಹಿಡಿದುಕೊಳ್ಳುತ್ತವೆ. ಮೈಸೂರು ಸೀಮೆಯ ತಂಗಡಿ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದುದು ಈ ಗುಣದಿಂದಲೇ. ತೊಗಟೆಯ ಟ್ಯಾನಿನ್ ಚರ್ಮದ ಪ್ರೊಟೀನನ್ನು ಕಟ್ಟಿಹಾಕಿ ಕೊಳೆಯದಂತೆ ಮಾಡುತ್ತದೆ. ಎಳೆ ಸೀಬೆಕಾಯಿ ಕಚ್ಚಿದಾಗ ನಾಲಿಗೆ ದಪ್ಪವಾಗಿ, ಬಾಯಿ ಒಣಗಿದಂತೆ ಆಗುವುದೂ ಅದರಿಂದಲೇ. ಎಂಜಲಿನಲ್ಲಿ ನುಣುಪು ತರುವ ಪ್ರೊಟೀನುಗಳನ್ನು ಟ್ಯಾನಿನ್ ಸೆಳೆದುಕೊಂಡುಬಿಡುತ್ತದೆ.

ಕಬ್ಬಿಣವನ್ನು ಕಂಡರೂ ಅದಕ್ಕೆ ಅಷ್ಟೇ ಆಸೆ. ಹಳೆಯ ಕಬ್ಬಿಣದ ಈಳಿಗೆ ಮಣೆಯಲ್ಲಿ ನೆಲ್ಲಿಕಾಯಿ ಹೆಚ್ಚಿ ನೋಡಿ. ಐದು ನಿಮಿಷದಲ್ಲಿ ಅಲಗಿನ ಅಂಚು, ಹೋಳಿನ ಮೈ ಎರಡೂ ನೀಲಿಗಪ್ಪಾಗುತ್ತವೆ. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಶಾಯಿ ಕಾಯಿಸುತ್ತಿದ್ದವರು ಬಳಸಿಕೊಂಡದ್ದು ಈ ಕಪ್ಪನ್ನೇ. ಈ ಕಪ್ಪು ಕಲೆಯನ್ನು ನೆನಪಿನಲ್ಲಿಟ್ಟುಕೊಂಡಿರಿ, ಮುಂದೆ ರಕ್ತಹೀನತೆಯ ಮಾತು ಬಂದಾಗ ಬೇಕಾಗುತ್ತದೆ.

ಈಗ ಅಂಡಾಶಯಕ್ಕೆ ಬರೋಣ. 1935ರಲ್ಲಿ ಶಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರ ಬಗ್ಗೆ ಬರೆದರು. ಮುಟ್ಟು ನಿಂತಿದೆ, ಅಂಡಾಶಯ ಊದಿಕೊಂಡಿದೆ, ಅದರ ತುಂಬ ಗುಳ್ಳೆಗಳು. ಅಲ್ಲಿಂದ ಇದು ಗುಳ್ಳೆಯ ಕಾಯಿಲೆ ಎಂಬ ಹೆಸರು ಅಂಟಿಕೊಂಡಿತು. ಸ್ಕ್ಯಾನಿಂಗಿನಲ್ಲಿ ನೀರುಗುಳ್ಳೆಗಳಿವೆ ಎಂದು ಕೇಳಿ ಎಷ್ಟೋ ತಾಯಂದಿರು ಮಗಳಿಗೆ ಗಡ್ಡೆಯೇ ಆಗಿದೆ ಎಂದು ಹೆದರುತ್ತಾರೆ. ಅವು ಗಡ್ಡೆಗಳಲ್ಲ. ಬೆಳೆಯಲು ಹೊರಟು ಅರ್ಧಕ್ಕೇ ನಿಂತ ಅಂಡಕೋಶಗಳು. ನಿಂತದ್ದು ಯಾಕೆ ಎಂಬುದೇ ಮುಖ್ಯ ಪ್ರಶ್ನೆ.

ಉತ್ತರದ ಒಂದು ದೊಡ್ಡ ಪಾಲು ಇನ್ಸುಲಿನ್‌ನಲ್ಲಿದೆ. ಉಂಡ ಮೇಲೆ ರಕ್ತಕ್ಕೆ ಬಂದ ಸಕ್ಕರೆಯನ್ನು ಸ್ನಾಯುಗಳೊಳಗೆ ಕಳಿಸುವುದು ಇನ್ಸುಲಿನ್ ಕೆಲಸ. ಪಿಸಿಓಎಸ್ ಇರುವ ಅನೇಕರಲ್ಲಿ ಸ್ನಾಯುಗಳು ಅದರ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ತೊಂದರೆ ಏನೆಂದರೆ, ಸ್ನಾಯು ಮಂದವಾದರೂ ಅಂಡಾಶಯ ಮಂದವಾಗಿರುವುದಿಲ್ಲ. ಹೆಚ್ಚಾದ ಇನ್ಸುಲಿನ್ ಅಲ್ಲಿನ ಜೀವಕೋಶಗಳನ್ನು ಹುರಿದುಂಬಿಸಿ ಆಂಡ್ರೊಜೆನ್ ಹಾರ್ಮೋನುಗಳನ್ನು ಹೆಚ್ಚು ಮಾಡಿಸುತ್ತದೆ. ಇತ್ತ ಯಕೃತ್ತಿನಲ್ಲಿ, ಆ ಹಾರ್ಮೋನುಗಳನ್ನು ಹಿಡಿದಿಡುವ ಪ್ರೊಟೀನಿನ ತಯಾರಿಕೆ ಇಳಿಯುತ್ತದೆ. ಹೀಗೆ ಬಿಡುಬೀಸಾದ ಆಂಡ್ರೊಜೆನ್‌ನಿಂದ ಮುಖದ ಮೇಲೆ ಕೂದಲು, ಮೊಡವೆ, ನಿಂತುಹೋದ ಅಂಡಕೋಶ, ತಪ್ಪಿದ ಮುಟ್ಟು. ಇನ್ಸುಲಿನ್ ಏರಿರುವಷ್ಟು ಹೊತ್ತೂ ಮೈಯ ಕೊಬ್ಬು ಕರಗುವುದಕ್ಕೆ ತಡೆ ಇರುತ್ತದೆ. ತೂಕ ಏರಿದರೆ ಇನ್ಸುಲಿನ್ ಪ್ರತಿರೋಧ ಮತ್ತೂ ಹೆಚ್ಚುತ್ತದೆ. ಕುತ್ತಿಗೆಯ ಹಿಂಭಾಗ ಕಪ್ಪಗೆ, ಒರಟಾಗಿ ಕಾಣುವುದು ಈ ಹೆಚ್ಚಾದ ಇನ್ಸುಲಿನ್ ಚರ್ಮದ ಮೇಲೆ ಬರೆದ ಗುರುತು. ಅದು ಕೊಳೆಯಲ್ಲ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಹುಡುಗಿಗೆ ಬೈದು ಪ್ರಯೋಜನವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ಶೇಕಡಾ 6ರಿಂದ 13 ಮಂದಿಗೆ ಪಿಸಿಓಎಸ್ ಇದೆ. ಎಲ್ಲರೂ ದಪ್ಪಗಿರುವುದಿಲ್ಲ, ತೆಳ್ಳಗಿನವರಲ್ಲೂ ಇದು ಸಾಮಾನ್ಯ. ದಪ್ಪಗಿರುವವರು ಮೈತೂಕದ ಶೇಕಡಾ ಐದರಷ್ಟು ಇಳಿಸಿದರೂ, ಅಂದರೆ 80 ಕೆ.ಜಿ. ಇದ್ದವರು 4 ಕೆ.ಜಿ. ಕಡಿಮೆಯಾದರೂ, ಹಲವರಲ್ಲಿ ಮುಟ್ಟು ಮತ್ತೆ ಸರದಿಗೆ ಬರುತ್ತದೆ. ತೂಕದ ಮಾತು ಇಲ್ಲಿ ಬರುವುದು ಆ ಕಾರಣಕ್ಕೆ, ಸೊಂಟದ ಚೆಂದಕ್ಕಲ್ಲ.

ಹಾಗಾದರೆ ಟ್ಯಾನಿನ್ ಎಲ್ಲಿ ಬಂತು? ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಎಸ್. ಶೋಭನಾ, ವೈ.ಎನ್. ಶ್ರೀರಾಮ, ಎನ್.ಜಿ. ಮಲ್ಲೇಶಿ ಅವರು 2009ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಒಳ್ಳೆಯ ದಾರಿ ತೋರಿಸುತ್ತದೆ. ಅವರು ರಾಗಿ ಸಿಪ್ಪೆಯ ಪಾಲಿಫೀನಾಲ್‌ಗಳನ್ನು ಬೇರ್ಪಡಿಸಿ, ಪಿಷ್ಟವನ್ನು ಒಡೆಯುವ ಎರಡು ಕಿಣ್ವಗಳ ಜತೆ ಸೇರಿಸಿದರು. ಒಂದು ಮೇದೋಜೀರಕ ಗ್ರಂಥಿಯ ಅಮೈಲೇಸ್, ಇನ್ನೊಂದು ಕರುಳಿನಲ್ಲಿ ಕೊನೆಯ ಹಂತದಲ್ಲಿ ಗ್ಲೂಕೋಸು ಬಿಡಿಸುವ ಗ್ಲೂಕೋಸಿಡೇಸ್. ಕೆಲವೇ ಮೈಕ್ರೊಗ್ರಾಂಗಳಲ್ಲಿ ಎರಡರ ವೇಗವೂ ತಗ್ಗಿತು. ಕಿಣ್ವವೂ ಪ್ರೊಟೀನೇ ಅಲ್ಲವೇ? ಎಂಜಲಿನ ಪ್ರೊಟೀನನ್ನು ಹಿಡಿಯುವ ವಸ್ತು ಕಿಣ್ವವನ್ನೂ ಹಿಡಿಯುತ್ತದೆ. ಕಿಣ್ವ ನಿಧಾನವಾದರೆ ಪಿಷ್ಟ ನಿಧಾನವಾಗಿ ಒಡೆಯುತ್ತದೆ, ರಕ್ತದ ಸಕ್ಕರೆ ಒಮ್ಮೆಲೇ ಜಿಗಿಯುವುದಿಲ್ಲ, ಇನ್ಸುಲಿನ್ ಕೂಡ ಅಷ್ಟು ಬೇಕಾಗುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಅಕಾರ್ಬೋಸ್ ಮಾತ್ರೆ ಕೆಲಸ ಮಾಡುವುದೂ ಈ ಕಿಣ್ವಗಳನ್ನು ತಡೆದೇ. ಕೊಬ್ಬು ಜೀರ್ಣಿಸುವ ಲೈಪೇಸ್ ಮೇಲೂ ಟ್ಯಾನಿನ್ ಹೀಗೆಯೇ ಎರಗಬಲ್ಲದು. ಜೀರ್ಣವಾಗದೆ ದೊಡ್ಡ ಕರುಳಿಗೆ ಹೋದ ಟ್ಯಾನಿನ್ನನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಒಡೆದು ಬೇರೆ ಅಣುಗಳನ್ನು ಮಾಡಿಕೊಳ್ಳುತ್ತವೆ. ದಾಳಿಂಬೆಯ ಎಲಾಜಿಕ್ ಆಮ್ಲದಿಂದ ಯುರೊಲಿಥಿನ್ ಹುಟ್ಟುವುದು ಹಾಗೆ, ಅದೂ ಎಲ್ಲರ ಕರುಳಿನಲ್ಲೂ ಅಲ್ಲ.

ಕೇಳಲು ಸೊಗಸಾಗಿದೆ. ಆದರೆ ಪ್ರಯೋಗನಳಿಕೆಯಲ್ಲಿ ಕಿಣ್ವ ಮತ್ತು ಟ್ಯಾನಿನ್ ಇಬ್ಬರೇ. ಊಟದಲ್ಲಿ ಹಾಗಿಲ್ಲ. ಬೇಳೆಯ ಪ್ರೊಟೀನು, ಮಜ್ಜಿಗೆಯ ಕೇಸೀನು, ಎಂಜಲು ಎಲ್ಲವೂ ಟ್ಯಾನಿನ್ನಿಗೆ ಎದುರಾಗುತ್ತವೆ. ಚಹಾಕ್ಕೆ ಹಾಲು ಹಾಕಿದಾಗ ಒಗರು ಇಳಿಯುವುದು ಏಕೆಂದರೆ ಟ್ಯಾನಿನ್ ಆಗಲೇ ಹಾಲಿನ ಪ್ರೊಟೀನನ್ನು ಹಿಡಿದು ಕೂತಿರುತ್ತದೆ. ಕರುಳಿನ ಕಿಣ್ವದವರೆಗೆ ತಲುಪುವ ಟ್ಯಾನಿನ್ ಎಷ್ಟು ಎಂಬುದು ತಟ್ಟೆಯಲ್ಲಿ ಇನ್ನೇನಿದೆ ಎಂಬುದನ್ನು ಅವಲಂಬಿಸಿದೆ.

ದೇಹವೂ ಸುಮ್ಮನೆ ಕೂರುವುದಿಲ್ಲ. 1983ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಹೈಲೆ ಮೆಹಾನ್ಶೊ ಮತ್ತು ಸಂಗಡಿಗರು ಇಲಿಗಳಿಗೆ ಟ್ಯಾನಿನ್ ತುಂಬಿದ ಜೋಳ ತಿನ್ನಿಸಿದರು. ಮೊದಲ ಮೂರು ದಿನ ಇಲಿಗಳ ತೂಕ ಇಳಿಯಿತು. ಆ ಮೂರೇ ದಿನದಲ್ಲಿ ಕಿವಿಯ ಬಳಿಯ ಎಂಜಲು ಗ್ರಂಥಿ ಉಬ್ಬಿ, ಪ್ರೋಲೀನ್ ಹೆಚ್ಚಿರುವ ವಿಶೇಷ ಪ್ರೊಟೀನನ್ನು ಹಲವು ಪಟ್ಟು ಹೆಚ್ಚಾಗಿ ಸುರಿಸತೊಡಗಿತು. ಟ್ಯಾನಿನ್ ಹೊಟ್ಟೆಗಿಳಿಯುವ ಮೊದಲೇ ಬಾಯಿಯಲ್ಲೇ ಸೆರೆಯಾಯಿತು, ಇಲಿಗಳ ತೂಕ ಮತ್ತೆ ಏರಿತು. ಮುಂದೆ ಅದೇ ತಂಡ ಹ್ಯಾಮ್‌ಸ್ಟರ್‌ಗಳ ಮೇಲೆ ಪರೀಕ್ಷಿಸಿದಾಗ, ಅವುಗಳಿಗೆ ಆ ಪ್ರೊಟೀನು ಹೆಚ್ಚಿಸಿಕೊಳ್ಳುವ ಶಕ್ತಿ ಇರಲಿಲ್ಲ. ಟ್ಯಾನಿನ್ ಹೆಚ್ಚಾದಾಗ ಮರಿಗಳು ಬೆಳೆಯಲಿಲ್ಲ, ಇನ್ನೂ ಹೆಚ್ಚಿಸಿದಾಗ ಸತ್ತವು. ಮನುಷ್ಯರ ಎಂಜಲಿನಲ್ಲಿ ಈ ಪ್ರೊಟೀನು ಹುಟ್ಟಿನಿಂದಲೇ ಧಾರಾಳವಾಗಿದೆ. ಕಾಯಿ, ತೊಗಟೆ, ಬೀಜ ತಿಂದು ಬದುಕಿದ ಪೂರ್ವಜರ ಬಳುವಳಿ ಇರಬೇಕು. ಟ್ಯಾನಿನ್ ನುಂಗಿ ತೆಳ್ಳಗಾಗುತ್ತೇವೆ ಎನ್ನುವವರು ಇಲಿಗಳ ನಾಲ್ಕನೆಯ ದಿನವನ್ನು ಮರೆಯಬಾರದು.

ಮನುಷ್ಯರ ಮೇಲಿನ ಪ್ರಯೋಗಗಳೂ ಇದೇ ಎಚ್ಚರಿಕೆ ಹೇಳುತ್ತವೆ. 2006ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರು ಪಿಸಿಓಎಸ್ ಇರುವ 34 ದಪ್ಪ ಮೈಯ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೂರು ತಿಂಗಳು ಗ್ರೀನ್ ಟೀ ಸಾರ ಕೊಟ್ಟರು. ಆ ಗುಂಪಿನ ತೂಕ ಶೇಕಡಾ 2.4ರಷ್ಟು ಇಳಿಯಿತು. ಆದರೆ ಹುಸಿಮದ್ದು ತೆಗೆದುಕೊಂಡವರಿಗೆ ಹೋಲಿಸಿದರೆ ಅದು ಖಚಿತವೆನ್ನುವಷ್ಟು ವ್ಯತ್ಯಾಸವಾಗಿರಲಿಲ್ಲ, ಹಾರ್ಮೋನುಗಳೂ ಬದಲಾಗಲಿಲ್ಲ. 2017ರಲ್ಲಿ ಇರಾನಿನಿಂದ ಬಂದ ಇನ್ನೊಂದು ಸಣ್ಣ ಅಧ್ಯಯನ ತೂಕ ಇಳಿಯಿತು ಎಂದಿತು. ಚಕ್ಕೆಯ ಕಥೆ ಇನ್ನೂ ಕುತೂಹಲದ್ದು. 2014ರಲ್ಲಿ ಅಮೆರಿಕದಲ್ಲಿ 45 ಮಹಿಳೆಯರನ್ನು ಸೇರಿಸಿಕೊಂಡು, ದಿನಕ್ಕೆ ಒಂದೂವರೆ ಗ್ರಾಂ ಚಕ್ಕೆ ಅಥವಾ ಹುಸಿಮದ್ದು ಆರು ತಿಂಗಳು ಕೊಟ್ಟರು. ಚಕ್ಕೆ ತಿಂದವರಲ್ಲಿ ಮುಟ್ಟು ಹೆಚ್ಚು ಸಲ ಬಂತು, ಇನ್ಸುಲಿನ್ ಪ್ರತಿರೋಧ ಮಾತ್ರ ಕದಲಲಿಲ್ಲ. ಇಂಥ ಚಿಕ್ಕ ಪ್ರಯೋಗಗಳ ಮೇಲೆ ಒಂದು ಚಿಕಿತ್ಸೆಯನ್ನು ಕಟ್ಟಲಾಗದು. 2023ರ ಅಂತರರಾಷ್ಟ್ರೀಯ ಪಿಸಿಓಎಸ್ ಮಾರ್ಗಸೂಚಿ ಇಂಥದೇ ಆಹಾರಕ್ರಮ ಉಳಿದೆಲ್ಲದಕ್ಕಿಂತ ಮೇಲು ಎಂದು ಹೇಳಿಲ್ಲ. ಮುಂದುವರಿಸಿಕೊಂಡು ಹೋಗಬಲ್ಲ ಊಟ, ನಡಿಗೆ, ಸ್ನಾಯುಗಳಿಗೆ ಕೆಲಸ, ಒಳ್ಳೆಯ ನಿದ್ದೆ ಇವುಗಳ ಬಗ್ಗೆ ಹೇಳುತ್ತದೆ. ಜತೆಗೆ, ತೂಕದ ವಿಷಯದಲ್ಲಿ ರೋಗಿಯನ್ನು ಹೀಯಾಳಿಸಬಾರದೆಂದು ವೈದ್ಯರಿಗೂ ತಿಳಿಹೇಳುತ್ತದೆ.

ಸಾರ ತುಂಬಿದ ಕ್ಯಾಪ್ಸೂಲುಗಳ ಬಗ್ಗೆ ನನಗೆ ಭಯವಿದೆ. ಲೋಟದಲ್ಲಿ ಕುಡಿದ ಗ್ರೀನ್ ಟೀ ಬೇರೆ, ಹತ್ತಾರು ಲೋಟದ ಕ್ಯಾಟೆಚಿನ್‌ಗಳನ್ನು ಒಂದೇ ಗುಳಿಗೆಗೆ ತುರುಕಿದ್ದು ಬೇರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಪರಿಶೀಲಿಸಿ, ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಎಂಬ ಕ್ಯಾಟೆಚಿನ್ನನ್ನು ಗುಳಿಗೆಯಾಗಿ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಪೆಟ್ಟಾಗುವ ಲಕ್ಷಣ ಕಂಡಿದೆ ಎಂದಿತು. ಅಡಿಕೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ನಾಡಿನಲ್ಲಿ ಟ್ಯಾನಿನ್ ಬೇಕಾದಷ್ಟಿರುವ ಪದಾರ್ಥ ಅಡಿಕೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಕೆಂಪು ಚೊಗರು ಅದರಿಂದಲೇ. ಆದರೆ ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಖಚಿತಪಡಿಸಿದೆ. ಒಗರಿದೆ ಎಂದ ಮಾತ್ರಕ್ಕೆ ಒಳ್ಳೆಯದೆನ್ನಲಾಗದು.

ಹಾಗಾದರೆ ರಾಗಿ? ರಾಗಿ ಒಳ್ಳೆಯದೇ, ಆದರೆ ಯಾವ ರಾಗಿ ಎಂದು ಕೇಳಬೇಕು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಯಲಹಂಕದ ಕಡೆಯ ಹಳೆಯ ಮನೆಗಳಲ್ಲಿ ಒಂದೇ ಮೂಟೆಯ ರಾಗಿಯಿಂದ ಎರಡು ಬೇರೆ ಆಹಾರ ತಯಾರಾಗುತ್ತಿತ್ತು. ಹಸುಗೂಸಿಗೆ ರಾಗಿ ಸರಿ. ಅದಕ್ಕೆ ರಾಗಿಯನ್ನು ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಹಿಟ್ಟನ್ನು ಜಾಲಿಸುತ್ತಿದ್ದರು. ಬಟ್ಟೆಯ ಮೇಲೆ ಉಳಿದ ಕೆಂಪು ತರಿ ದನದ ಕಲಗಚ್ಚಿಗೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವ ಪಿಷ್ಟವನ್ನು ಮೊದಲೇ ಅರ್ಧ ಒಡೆದಿರುತ್ತದೆ, ಟ್ಯಾನಿನ್ ಮೊಳಕೆಯಲ್ಲಿ ತಗ್ಗಿ, ಉಳಿದದ್ದು ಬಟ್ಟೆಯ ಮೇಲೆ ನಿಲ್ಲುತ್ತದೆ. ಸರಿ ತೆಳ್ಳಗೆ, ಬೇಗ ಅರಗುವಂತೆ, ಪೋಷಕಾಂಶ ಪೂರ್ತಿ ಮೈಗೆ ಹತ್ತುವಂತೆ ಇರುತ್ತದೆ. ದೊಡ್ಡವರಿಗೆ ಮುದ್ದೆ. ಜರಡಿ ಆಡದ ಹಿಟ್ಟು, ಕುದಿಯುವ ಎಸರು, ಮುದ್ದೆ ಕೋಲು. ಗಂಟಾಗದಂತೆ ತೊಳಸಿ, ಬೇಯಿಸಿ, ಒದ್ದೆ ಕೈಯಲ್ಲಿ ಕಟ್ಟಿದ ಬಿಗಿಯಾದ ಉಂಡೆ, ಸಾರಿನಲ್ಲಿ ಅದ್ದಿ ಜಗಿಯದೆ ನುಂಗುವಂಥದ್ದು. ಬೇಗ ಅರಗಬೇಕಾದ ಹೊಟ್ಟೆಗೆ ಒಂದು, ಹೊತ್ತು ಮುಳುಗುವವರೆಗೆ ತಡೆಯಬೇಕಾದ ಹೊಟ್ಟೆಗೆ ಇನ್ನೊಂದು. 1977ರ ಹೆಬ್ಬಾಳದ ಪ್ರಬಂಧ ಅಂಕಿಗಳಲ್ಲಿ ಹೇಳಿದ್ದನ್ನು ಈ ಅಡುಗೆಮನೆಗಳು ಕೈಯಲ್ಲಿ ಮಾಡಿ ತೋರಿಸುತ್ತಿದ್ದವು.

ಈಗ ಪಿಸಿಓಎಸ್ ಇರುವ ಹುಡುಗಿಗೆ ತೂಕ ಇಳಿಯಲೆಂದು ಬೆಳಗ್ಗೆ ಕೊಡುವುದು ಯಾವುದನ್ನು? ನುಣ್ಣಗೆ ಬೀಸಿದ ಮೊಳಕೆ ರಾಗಿಯ ಮಾಲ್ಟ್, ಅದಕ್ಕೆ ಬೆಲ್ಲ ಅಥವಾ ಖರ್ಜೂರ. ಅದು ಮಗುವಿನ ಸರಿಯ ತಮ್ಮ. ಬೇಗ ತೂಕ ಬರಲಿ ಎಂದು ಅಜ್ಜಿಯರು ರೂಪಿಸಿದ ಆಹಾರವದು. ನುಣುಪಾದ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಸರಸರನೆ ಏರಿಸುತ್ತದೆ, ಅದು ರಾಗಿಯದಾದರೂ ಸರಿ. ಈ ಒಂದು ಅದಲುಬದಲು ನನಗೆ ನಿಜಕ್ಕೂ ಸಂಕಟ ತರುವಂಥದ್ದು, ಏಕೆಂದರೆ ಆ ಹುಡುಗಿ ಶ್ರದ್ಧೆಯಿಂದಲೇ ಕುಡಿಯುತ್ತಿರುತ್ತಾಳೆ. ತೂಕ ಇಳಿಯದಾಗ ತನ್ನನ್ನೇ ದೂರಿಕೊಳ್ಳುತ್ತಾಳೆ.

ಮುದ್ದೆಗೂ ಲೆಕ್ಕವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಅಕ್ಕಿಯಲ್ಲಿ 356. ಅಂತರ ದೊಡ್ಡದೇನಲ್ಲ. 2025ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಇದನ್ನು ದೇಶದ ಮಟ್ಟದಲ್ಲಿ ನೋಡಿತು. ಭಾರತೀಯರಿಗೆ ಊಟದಿಂದ ಸಿಗುವ ಶಕ್ತಿಯ ಶೇಕಡಾ 62ರಷ್ಟು ಶರ್ಕರಪಿಷ್ಟದಿಂದ ಬರುತ್ತದೆ. ಸಿರಿಧಾನ್ಯ ಈಗಲೂ ಮುಖ್ಯ ಆಹಾರವಾಗಿ ಉಳಿದಿರುವುದು ಕರ್ನಾಟಕ, ಗುಜರಾತ್, ಮಹಾರಾಷ್ಟ್ರಗಳಲ್ಲಿ ಮಾತ್ರ. ಅಕ್ಕಿ ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಬದಲಾಯಿಸಿಕೊಂಡರೆ ಸಕ್ಕರೆ ಕಾಯಿಲೆಯ ಅಪಾಯ ಇಳಿದದ್ದು ಕಾಣಲಿಲ್ಲ. ಶರ್ಕರಪಿಷ್ಟದ ಒಟ್ಟು ಪಾಲನ್ನೇ ಸ್ವಲ್ಪ ತಗ್ಗಿಸಿ, ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೊಟೀನು ತಂದಾಗ ಅಪಾಯ ಕಡಿಮೆಯಾಗಿತ್ತು. ಎರಡು ಮುದ್ದೆ ಉಂಡು, ಮೇಲೆ ಅನ್ನವನ್ನೂ ಉಂಡರೆ ಟ್ಯಾನಿನ್ ಏನೂ ಮಾಡಲಾರದು. ಒಂದು ಮುದ್ದೆ, ಬಟ್ಟಲು ತುಂಬ ಹುರುಳಿ ಅಥವಾ ಅವರೆಕಾಳಿನ ಗಟ್ಟಿ ಸಾರು, ಬಸ್ಸಾರಿನ ಪಲ್ಯ, ಮೊಟ್ಟೆಯೋ ಮೊಸರೋ ಇದ್ದರೆ ಊಟದ ನಡೆಯೇ ಬೇರೆ. ಅಲ್ಲಿ ಕೆಲಸ ಮಾಡುವುದು ನಾರು, ಪ್ರೊಟೀನು, ಅಳತೆ. ಟ್ಯಾನಿನ್ನಿನದು ಅವುಗಳ ಜತೆ ಒಂದು ಸಣ್ಣ ಪಾಲು.

ಈಗ ಈಳಿಗೆ ಮಣೆಯ ಕಪ್ಪಿಗೆ ಬರೋಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ತೂಕ ಹೆಚ್ಚು. ಎರಡೂ ಒಬ್ಬಳಲ್ಲೇ ಇರಬಹುದು, ಇರುತ್ತದೆ ಕೂಡ. ಪಿಸಿಓಎಸ್‌ನಲ್ಲಿ ತಿಂಗಳುಗಟ್ಟಲೆ ನಿಂತ ಮುಟ್ಟು ಬಂದಾಗ ಹತ್ತು ಹದಿನೈದು ದಿನ ಧಾರಾಕಾರವಾಗಿ ಹೋಗುವವರಿದ್ದಾರೆ. ಅಂಥವರ ಮೈಯ ಕಬ್ಬಿಣ ಬೇಗ ಬರಿದಾಗುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಪ್ರಶಾಂತ್ ತಂಕಚ್ಚನ್, ಅನುರಾ ಕುರ್ಪಾಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮೂರಿನ ಯುವತಿಯರ ಮೇಲೇ ನಡೆದದ್ದು. ಅಕ್ಕಿಯ ಊಟಕ್ಕೆ ಗುರುತು ಹಾಕಿದ ಕಬ್ಬಿಣ ಬೆರೆಸಿ, ಜತೆಗೆ ಚಹಾ ಕೊಟ್ಟು, ಮೈಗೆ ಎಷ್ಟು ಹತ್ತಿತೆಂದು ಅಳೆದರು. ಒಂದು ಕಪ್ ಚಹಾಕ್ಕೆ ಕಬ್ಬಿಣ ಹತ್ತುವುದು ಸುಮಾರು ಅರ್ಧಕ್ಕೆ ಇಳಿಯಿತು, ಎರಡು ಕಪ್ಪಿಗೆ ಮೂರನೇ ಒಂದು ಪಾಲಿಗೆ. ರಕ್ತಹೀನತೆ ಇದ್ದವರಲ್ಲೂ ಚಹಾದ ತಡೆ ಹೀಗೆಯೇ ಇತ್ತು. ಚಹಾದ ಬದಲು ವಿಟಮಿನ್ ಸಿ ಕೊಟ್ಟಾಗ ಕಬ್ಬಿಣ ಹತ್ತುವುದು ಗಣನೀಯವಾಗಿ ಏರಿತು. ಊಟವಾಗಿ ಒಂದು ಗಂಟೆ ಬಿಟ್ಟು ಚಹಾ ಕುಡಿದರೆ ತಡೆ ಸುಮಾರು ಅರ್ಧದಷ್ಟು ಸಡಿಲವಾಗುತ್ತದೆ ಎಂದು 2017ರ ಬ್ರಿಟನ್ನಿನ ಇನ್ನೊಂದು ಅಧ್ಯಯನ ತೋರಿಸಿತು. ಊಟದೊಡನೆ ಗ್ರೀನ್ ಟೀ, ಊಟಕ್ಕೆ ಮೊದಲು ಚಕ್ಕೆ ನೀರು, ರಾತ್ರಿ ದಾಳಿಂಬೆ ಸಿಪ್ಪೆಯ ಕಷಾಯ ಎಂದು ದಿನವಿಡೀ ಒಗರನ್ನೇ ಕುಡಿಯುವವರು ತಮಗೆ ಬೇಕಾದ ಕಬ್ಬಿಣವನ್ನು ಕರುಳಿನಲ್ಲೇ ಕಪ್ಪು ಮಾಡಿ ಹೊರಗೆ ಕಳಿಸುತ್ತಿರುತ್ತಾರೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಜತೆ ನುಂಗುವುದಂತೂ ಮಾತ್ರೆಯನ್ನು ಬಿಸಾಡಿದಂತೆಯೇ. ಮುದ್ದೆಯ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳುವುದು, ಊಟವಾದ ಮೇಲೆ ಮಾಗಿದ ಸೀಬೆಹಣ್ಣು ತಿನ್ನುವುದು ಸುಲಭದ ಪರಿಹಾರ. ಸಪ್ಪಗೆ ಮುಖ ಬಾಡಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹುಡುಗಿಗೆ ನಡಿಗೆಯಾಗಲಿ, ಭಾರ ಎತ್ತುವ ವ್ಯಾಯಾಮವಾಗಲಿ ಆಗದು. ಪಿಸಿಓಎಸ್‌ನಲ್ಲಿ ಸ್ನಾಯುಗಳನ್ನು ದುಡಿಸುವುದೇ ಇನ್ಸುಲಿನ್ ಪ್ರತಿರೋಧವನ್ನು ಕುಗ್ಗಿಸುವ ನೇರ ದಾರಿ. ಕಬ್ಬಿಣ ಕಳೆದುಕೊಂಡರೆ ಆ ದಾರಿಯೇ ಮುಚ್ಚುತ್ತದೆ.

ಇನ್ನು ಉಳಿದದ್ದು ತಳಿಯ ಪ್ರಶ್ನೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಕೆಎಂಆರ್-340 ಎಂಬ ಬಿಳಿ ರಾಗಿ ಬಂದಿದೆ. ಬಿಸ್ಕತ್ತು, ಬ್ರೆಡ್ಡು ಮಾಡುವವರಿಗೆ ಕಪ್ಪು ಬಣ್ಣ ಬೇಡವಲ್ಲ. ಕಂದು ರಾಗಿಯೂ ಇದೆ. ಅಖಿಲ ಭಾರತ ಕಿರುಧಾನ್ಯ ಯೋಜನೆಯ ಸಮನ್ವಯ ಘಟಕ 1986ರಲ್ಲಿ ಅದೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಶುರುವಾಯಿತು, ಜಿಪಿಯು-28 ತಳಿ ಅಲ್ಲಿಂದಲೇ ಹೊಲಗಳಿಗೆ ಹೋದದ್ದು. ತಳಿಗಳು ನಮ್ಮಲ್ಲಿವೆ, ಪಿಸಿಓಎಸ್ ಇರುವ ಹೆಣ್ಣುಮಕ್ಕಳು ಕ್ಯಾಂಪಸ್ಸಿನ ಗೋಡೆಯಾಚೆಯೇ ಇದ್ದಾರೆ. ಒಂದೇ ಹೊಲದಲ್ಲಿ ಬೆಳೆದ ಬಿಳಿ ಮತ್ತು ಕಂದು ರಾಗಿಯನ್ನು ಒಂದೇ ಅಳತೆಯ ಮುದ್ದೆ ಮಾಡಿ, ಒಂದೇ ಸಾರಿನೊಡನೆ, ಎರಡು ಗುಂಪಿಗೆ ಆರು ತಿಂಗಳು ಬಡಿಸಬೇಕು. ಮುಟ್ಟಿನ ದಿನಾಂಕಗಳು, ಸೊಂಟದ ಅಳತೆ, ಉಂಡ ಎರಡು ಗಂಟೆಯ ಮೇಲಿನ ಸಕ್ಕರೆ ಮತ್ತು ಇನ್ಸುಲಿನ್ ಇಷ್ಟನ್ನೂ ಬರೆದಿಡಬೇಕು. ಅದೇ ರಕ್ತದ ಮಾದರಿಯಲ್ಲಿ ಹಿಮೊಗ್ಲೋಬಿನ್ ಮತ್ತು ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರುವ ಫೆರಿಟಿನ್ ಕೂಡ ನೋಡಬೇಕು. ಇವೆರಡನ್ನು ಕೇಳಲು ಪ್ರಯೋಗಕ್ಕಾಗಿ ಕಾಯಬೇಕಿಲ್ಲ. ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಹಾರ್ಮೋನು ಪರೀಕ್ಷೆಯ ಚೀಟಿಯಲ್ಲೇ ಬರೆಸಿಕೊಳ್ಳಬಹುದು.